ಕಿವಿಯೊಳಗಿನ ಊರು

ನಮ್ಮ ಹೆಬ್ಬಾಳದಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದು ಹದಿನೆಂಟು ವರ್ಷಗಳಿಂದಲೂ ನೆಂಟರಿಷ್ಟರಿಗೆ ಹೇಳಿಕೊಂಡು ಬಂದವನು ನಾನು. ಪರಸ್ಥಳದವರು ಮೈಸೂರಿಗೆ ಬಂದರೆ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಾಯಂಕಾಲಕ್ಕೆ ಕನ್ನಂಬಾಡಿ, ಇಷ್ಟನ್ನು ಮುಗಿಸಿ, ಕಾಲು ನೋಯಿಸಿಕೊಂಡು ರಾತ್ರಿಯ ಊಟಕ್ಕೆ ನಮ್ಮ ಮನೆಗೆ ಬರುತ್ತಾರೆ. ಅವರ ಪಾಲಿಗೆ ಹೆಬ್ಬಾಳವೆಂದರೆ ಎಲೆ ಹಾಕುವ ಜಾಗ. ನನಗೂ ಇದರಲ್ಲಿ ಹೆಚ್ಚಿನ ಅಸಮಾಧಾನವಿರಲಿಲ್ಲ. ಊರೆಂದ ಮೇಲೆ ಎಲ್ಲವೂ ನೋಡತಕ್ಕದ್ದೇ ಆಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ವಾಸ ಮಾಡುವುದಕ್ಕೂ ಒಂದಿಷ್ಟು ಜಾಗ ಬೇಕು.

ಹೋದ ವರ್ಷ ಧಾರವಾಡದಿಂದ ಬಂದ ನನ್ನ ಸೋದರಮಾವನ ಮಗ ಈ ನೆಮ್ಮದಿಯನ್ನು ಕೆಡಿಸಿದ. ಅವನು ದಾರಿಯಲ್ಲಿ ಮೊಬೈಲು ತೆಗೆದು 'ಹೆಬ್ಬಾಳ' ಎಂದು ಹುಡುಕಿದನಂತೆ. ಅದು ಬೆಂಗಳೂರಿನ ಹೆಬ್ಬಾಳದ ಕಥೆಯನ್ನೆಲ್ಲ ಅವನ ಕಿವಿಗೆ ಓದಿ ಹೇಳಿತಂತೆ. ಮನೆಗೆ ಬಂದವನು ಕಾಲು ತೊಳೆಯುವುದಕ್ಕೆ ಮೊದಲೇ, "ನಿಮ್ಮೂರಾಗ ಎಂಟನೇ ಶತಮಾನದ ವೀರಗಲ್ಲು ಐತಂತಲ್ಲೋ, ಒಂದ್ ದಿನಾನೂ ಹೇಳ್ಲೇ ಇಲ್ಲ ನೀ" ಎಂದು ಆಕ್ಷೇಪಿಸಿದ. ಅದು ಕಿತ್ತಯ್ಯನೆಂಬ ವೀರನ ಕಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಆ ಸೀಮೆಯನ್ನು ಪೆರ್ಬೊಳಲ್ ನಾಡು ಎಂದು ಹೆಸರಿಸುವ ಕಲ್ಲು. 2018ರಲ್ಲಿ ಬೆಳಕಿಗೆ ಬಂದದ್ದು. ಆದರೆ ಅದು ಆ ಹೆಬ್ಬಾಳ, ನಮ್ಮದಲ್ಲ. ಹೀಗೆಂದಾಗ ಅವನ ಮುಖ ಇಳಿದುಹೋಯಿತು. "ಹಂಗಾದ್ರ ಇಲ್ಲೇನೈತಿ?" ಎಂದು ಕೇಳಿದ. ಒಂದು ಲಕ್ಷ್ಮೀಕಾಂತಸ್ವಾಮಿಯ ಗುಡಿ, ಒಂದು ಕೆರೆ, ಕಾರ್ಖಾನೆಗಳು, ಕಂಪ್ಯೂಟರಿನವರ ದೊಡ್ಡ ಆವರಣ ಎಂದೆ. ಹೇಳುತ್ತ ಹೇಳುತ್ತ ನನಗೇ ನಮ್ಮೂರಿನ ಬಗ್ಗೆ ಕನಿಕರವಾಯಿತು.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದೆ. ಅವರು ನಕ್ಕು ಸುಮ್ಮನಾಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅವರಲ್ಲಿ ನಾಲ್ಕು ಮಂದಿ ಮಾರನೆಯ ವಾರ ನನ್ನ ಕೊಠಡಿಗೆ ಬಂದು, "ಸಾರ್, ನಮ್ಮ ಹೆಬ್ಬಾಳಕ್ಕೂ ಬಾಯಿ ಕೊಡೋಣ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಬಾಯಿ ಕೊಡುವುದೆಂದರೇನೆಂದು ಅಂದು ನಾನು ಯೋಚಿಸಲಿಲ್ಲ.

ಅವರ ಯೋಜನೆ ಹೀಗೆ. ಮೊಬೈಲಿನ ಭೂಪಟದಲ್ಲಿ ಒಂದು ಸ್ಥಳವನ್ನು ಗುರುತಿಸಿ ಅದರ ಸುತ್ತ ಒಂದು ವೃತ್ತವನ್ನು ಎಳೆಯುವುದು. ಆ ಸ್ಥಳದ ವಿಚಾರವನ್ನು ಮಾತಿನಲ್ಲಿ ಮುದ್ರಿಸಿ ವೃತ್ತಕ್ಕೆ ಅಂಟಿಸುವುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವವನು ಆ ವೃತ್ತದೊಳಕ್ಕೆ ಕಾಲಿಟ್ಟನೋ ಇಲ್ಲವೋ, ಯಾವ ಗುಂಡಿಯನ್ನೂ ಒತ್ತದೆ ತಾನೇ ತಾನಾಗಿ ಮಾತು ಕೇಳತೊಡಗುತ್ತದೆ. ವೃತ್ತದಿಂದ ಹೊರಬಿದ್ದರೆ ಮಾತು ನಿಲ್ಲುತ್ತದೆ. ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಈಗ ಜನ ಹೀಗೆ ತಿರುಗಾಡುತ್ತಾರೆ.

ವಿಷಯ ತೀರ ಹೊಸದೇನೂ ಅಲ್ಲ. 1952ರಲ್ಲೇ ಆಮ್ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ ಪ್ರೇಕ್ಷಕರ ಕೈಗೊಂದು ಪುಟ್ಟ ರೇಡಿಯೋ ಕೊಟ್ಟು ಚಿತ್ರಗಳ ವಿವರಣೆಯನ್ನು ಬಿತ್ತರಿಸುತ್ತಿದ್ದರು. ಬಿತ್ತರಿಸುವುದು ಒಂದೇ ಕಡೆಯಿಂದ. ಆದ್ದರಿಂದ ಎಲ್ಲರೂ ಒಟ್ಟಿಗೆ ಒಂದೇ ಚಿತ್ರದ ಮುಂದೆ ನಿಂತು, ಒಟ್ಟಿಗೆ ಮುಂದಿನದಕ್ಕೆ ಸರಿಯಬೇಕಾಗಿತ್ತು. ನಮ್ಮ ಮದುವೆಮನೆಯ ಪಂಕ್ತಿಯ ಹಾಗೆ. ಆಮೇಲೆ ಟೇಪು ಬಂತು, ಜೇಬಿನಲ್ಲಿಟ್ಟುಕೊಳ್ಳುವ ವಾಕ್‌ಮನ್ ಬಂತು. ಜಾನೆಟ್ ಕಾರ್ಡಿಫ್ ಎಂಬ ಕೆನಡಾದ ಕಲಾವಿದೆ 1991ರಲ್ಲಿ ಕೇಳುಗರನ್ನು ಹೀಗೆ ಕಾಡಿನ ದಾರಿಯಲ್ಲಿ ನಡೆಸಿದಳು. ಈಕೆಯ ನಡಿಗೆಗಳಲ್ಲಿ ಕೇಳುವವನ ಹೆಜ್ಜೆಯ ಜೊತೆಗೆ ಮುದ್ರಿತವಾದ ಇನ್ನೊಬ್ಬರ ಹೆಜ್ಜೆಯ ಸದ್ದೂ ಕೇಳುತ್ತದೆ. ಹಿಂದೆ ಯಾರೋ ಬಂದರೆಂದು ತಿರುಗಿ ನೋಡುವಂತಾಗುತ್ತದೆ. ಆದರೆ ಇವಾವುದಕ್ಕೂ ಕೇಳುವವನು ಎಲ್ಲಿ ನಿಂತಿದ್ದಾನೆಂಬುದು ತಿಳಿಯದು. ಅದನ್ನು ತಿಳಿಸಿದ್ದು ನೆಲದಿಂದ ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಸಾಕು, ಅವು ಬಂದು ಮುಟ್ಟಿದ ಹೊತ್ತನ್ನು ಲೆಕ್ಕಹಾಕಿ ಮೊಬೈಲು ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಅಮೆರಿಕದವರು ತಮ್ಮ ಸೈನ್ಯಕ್ಕೆ ಮಾತ್ರ ನಿಖರವಾದ ಸಂಕೇತವನ್ನಿಟ್ಟುಕೊಂಡು ಜನಸಾಮಾನ್ಯರಿಗೆ ಬೇಕೆಂದೇ ಮಸುಕಾದದ್ದನ್ನು ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿದರು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದದ್ದು ಈಗ ಬಯಲಿನಲ್ಲಿ ನಾಲ್ಕಾರು ಮೀಟರಿಗೆ ಇಳಿದಿದೆ. ನಾಲ್ಕಾರು ಮೀಟರೆಂದರೆ ಒಂದು ಮನೆಯ ಬಾಗಿಲು. ಮುಂದಿನ ಕಥೆಗೆಲ್ಲ ಈ ಅಳತೆಯೇ ಮೂಲ.

ಹುಡುಗರು ಮೊದಲು ಅಭ್ಯಾಸಕ್ಕೆಂದು ಒಂಟಿಕೊಪ್ಪಲು, ಯಾದವಗಿರಿಗಳ ದಾರಿಯನ್ನು ಆರಿಸಿಕೊಂಡರು. ಬರೆಹವನ್ನು ತಿದ್ದುವ ಕೆಲಸ ನನ್ನದು. ಒಂದು ಭಾನುವಾರ ಬೆಳಿಗ್ಗೆ ಅವರ ಸಾಧನವನ್ನು ಕಿವಿಗೆ ಹಾಕಿಕೊಂಡು ನಾನೇ ನಡೆದೆ. ನಿಜ ಹೇಳುತ್ತೇನೆ, ಆ ಬೆಳಗಿನ ಸಂತೋಷವನ್ನು ಮರೆಯಲಾರೆ. ದಿನವೂ ಸ್ಕೂಟರಿನಲ್ಲಿ ದಾಟುವ ಬೀದಿಗಳು. ಆಕಾಶವಾಣಿ ನಿಲಯಕ್ಕೆ ಅನತಿದೂರದಲ್ಲಿ ಕಿವಿಯೊಳಗಿನ ಧ್ವನಿ ನನ್ನನ್ನು ತಡೆದು ನಿಲ್ಲಿಸಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ವಿಠ್ಠಲ ವಿಹಾರವೆಂಬ ತಮ್ಮ ಸ್ವಂತ ಮನೆಯಿಂದ ಬಾನುಲಿಯನ್ನು ಬಿತ್ತರಿಸಿದ್ದು ಈ ಆಸುಪಾಸಿನಿಂದ. ಆ ಪುಟ್ಟ ಕೇಂದ್ರಕ್ಕಿಟ್ಟ ಆಕಾಶವಾಣಿಯೆಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಇದು ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಗೊತ್ತಿರುವುದು ಬೇರೆ, ಆ ನೆಲದ ಮೇಲೆ ನಿಂತು ಕೇಳುವುದು ಬೇರೆ. ಗಾಳಿಯಿಂದ ಬರುವ ಮಾತು ಹುಟ್ಟಿದ ಜಾಗದಲ್ಲಿ ಗಾಳಿಯಿಂದಲೇ ಬಂದ ಮಾತನ್ನು ಕೇಳುತ್ತ ನಿಂತಿದ್ದೆ.

ಅಲ್ಲಿಂದ ಮುಂದೆ ಜಾವಾ ಕಾರ್ಖಾನೆ ಇದ್ದ ಜಾಗ. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ. ಜಾವಾ, ಅನಂತರ ಯೆಜ್ಡಿ ಎಂಬ ಮೋಟಾರು ಸೈಕಲ್ಲುಗಳು ಇಲ್ಲಿ ತಯಾರಾಗಿ ದೇಶವನ್ನೆಲ್ಲ ಸುತ್ತಿದವು. ಈಗ ಅಲ್ಲಿ ಕಾಣುವುದಕ್ಕೆ ಕಾರ್ಖಾನೆಯಿಲ್ಲ. ಹುಡುಗರು ಅಲ್ಲಿ ಮಾತಿಗೆ ಬದಲು ಯೆಜ್ಡಿಯ ಸದ್ದನ್ನು ಹಾಕಿದ್ದರು. ಆ ಡುಗುಡುಗು ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ತಂದೆಯವರು ಆಫೀಸಿನಿಂದ ಬರುತ್ತಿದ್ದ ಸಾಯಂಕಾಲಗಳು ನೆನಪಾಗಿ ರಸ್ತೆಯ ಪಕ್ಕದಲ್ಲಿ ಒಂದು ಕ್ಷಣ ಸುಮ್ಮನೆ ನಿಂತೆ. ಯಾದವಗಿರಿಯಲ್ಲೇ ಆರ್. ಕೆ. ನಾರಾಯಣರ ಮನೆಯಿದೆ. ಕೆಡವಲು ಹೊರಟಿದ್ದ ಮನೆ ಉಳಿದುಕೊಂಡು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಉಳಿದ ಮನೆಗೆ ಫಲಕವುಂಟು. ಉಳಿಯದಿದ್ದ ಕಾರ್ಖಾನೆಗೆ ಸದ್ದಾದರೂ ಇರಲಿ ಎಂದು ಹುಡುಗರಿಗೆ ಹೊಳೆಯಿತಲ್ಲ, ಅದನ್ನು ನಾನು ಮೆಚ್ಚಿದೆ.

ಇಂಥ ನಡಿಗೆಗಳನ್ನು ಕಂಡರಾಗದವರು ಹೇಳುವುದುಂಟು, ಕಿವಿ ಮುಚ್ಚಿಕೊಂಡವನು ಊರನ್ನು ನೋಡಲಾರ. ಹಕ್ಕಿಯ ಕೂಗು, ಸೊಪ್ಪಿನವಳ ಕೂಗು ಅವನಿಗೆ ಕೇಳಿಸದು ಎಂದು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆ. ಹಿಂದಿನಿಂದ ಬಂದ ಆಟೋದವನು ನನ್ನ ವಂಶೋದ್ಧಾರ ಮಾಡಿದ್ದೂ ಆ ಭಾನುವಾರವೇ. ಆದರೂ ಇದು ಸಣ್ಣ ಆಕ್ಷೇಪಣೆ. ಸ್ಕೂಟರಿನ ಮೇಲೆ ಹೋಗುವ ನನಗೆ ಇಷ್ಟು ದಿನ ಯಾವ ಹಕ್ಕಿಯ ಕೂಗು ಕೇಳಿಸಿತ್ತು? ನಡೆಸುವ ಯಂತ್ರ ನಡೆಯದಿರುವ ಯಂತ್ರಕ್ಕಿಂತ ಮೇಲು. ನನಗೆ ಎದುರಾದ ಕಷ್ಟ ಬೇರೆ ಬಗೆಯದು.

ಹಳೆಯ ಹೆಬ್ಬಾಳದ ಊರೊಳಗಿಂದ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಪೆಟ್ಟಿಗೆ ಅಂಗಡಿಯಿದೆ. ಕಾಫಿ, ಟೀ, ಬಾಳೆಹಣ್ಣು, ಗಾಜಿನ ಭರಣಿಯಲ್ಲಿ ಕೋಡುಬಳೆ. ಅಂಗಡಿಯ ಅವ್ವನಿಗೆ ಎಪ್ಪತ್ತು ದಾಟಿರಬೇಕು. ಸಂಜೆಯ ತಿರುಗಾಟದಲ್ಲಿ ನಾನು ಅಲ್ಲಿ ಕೂರುವುದು ವಾಡಿಕೆ. ಕೆರೆಗೆ ಒಂದು ಕಾಲದಲ್ಲಿ ಊರಿನ ಕೊಳಚೆಯೂ ಕಾರ್ಖಾನೆಗಳ ಹೊಲಸೂ ಬಂದು ಸೇರುತ್ತಿತ್ತು. ಇನ್ಫೋಸಿಸ್ ಪ್ರತಿಷ್ಠಾನದವರು ಕೈಹಾಕಿದ ಮೇಲೆ ಅದಕ್ಕೆ ಮತ್ತೆ ಕೆರೆಯೆನ್ನಿಸಿಕೊಳ್ಳುವ ಯೋಗ್ಯತೆ ಬಂದಿದೆ. ಅದರಿಂದ ತಿರುಗಾಡುವವರೂ ಹೆಚ್ಚಿದ್ದಾರೆ, ಅವ್ವನ ವ್ಯಾಪಾರವೂ ಒಂದಿಷ್ಟು ಹೆಚ್ಚಿದೆ.

ಐದಾರು ವರ್ಷಗಳ ಹಿಂದೆ ಒಂದು ಮಳೆಯ ಸಂಜೆ. ಕರೆಂಟು ಹೋಗಿತ್ತು, ನಾನೊಬ್ಬನೇ ಗಿರಾಕಿ. ಅವ್ವ ಯಾಕೋ ತನ್ನ ಗಂಡನ ಮಾತೆತ್ತಿದಳು. ಅವರಿಗೆ ಎರಡೂವರೆ ಎಕರೆ ಹೊಲವಿತ್ತು. ಕಾರ್ಖಾನೆಗಳಿಗೆಂದು ಭೂಮಿ ತೆಗೆದುಕೊಂಡಾಗ ಅದೂ ಹೋಯಿತು. ಬಂದ ಹಣ ಸಾಲಕ್ಕೂ ಮಗಳ ಮದುವೆಗೂ ಸರಿಹೋಯಿತು. ಆ ಹೊಲದ ಮೇಲೆಯೇ ಎದ್ದ ಕಾರ್ಖಾನೆಯಲ್ಲಿ ಗಂಡನಿಗೆ ಗೇಟು ಕಾಯುವ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷ ಕಾದ. ಯಾವ ಷೆಡ್ಡಿನ ಕೆಳಗೆ ತನ್ನ ಬಾವಿಯಿದೆಯೆಂಬುದು ಅವನಿಗೆ ಗೊತ್ತಿತ್ತು. ಮೊದಲ ಮಳೆ ಬಿದ್ದ ರಾತ್ರಿ ಗೇಟಿನಲ್ಲಿ ನಿದ್ರೆ ಹತ್ತದೆ, ಬೆಳಿಗ್ಗೆ ಮನೆಗೆ ಬಂದು ಹೆಂಡತಿಯೊಡನೆ ಮಾತಾಡದೆ ಮಲಗುತ್ತಿದ್ದನಂತೆ. ಇಷ್ಟೇ ಕಥೆ. ಹೇಳಿ ಮುಗಿಸಿ ಅವ್ವ, "ಇನ್ನೊಂದರ್ಧ ಟೀ ಕೊಡ್ಲಾ?" ಎಂದಳು.

ಆ ಕಥೆಯನ್ನು ನಾನೇನು ಮಾಡಿದೆ? ಕರುಣರಸಕ್ಕೆ ಉದಾಹರಣೆಯಾಗಿ ತರಗತಿಯಲ್ಲಿ ಹೇಳಿದೆ. ಪ್ರತಿ ವರ್ಷವೂ ಹೇಳಿದೆ. ಹೇಳುತ್ತ ಹೇಳುತ್ತ ಅದು ನುಣುಪಾಯಿತು; ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ನನಗೆ ಬಾಯಿಪಾಠವಾಯಿತು. ಹೆಬ್ಬಾಳದ ನಡಿಗೆಯನ್ನು ಸಿದ್ಧಪಡಿಸುವಾಗ ಹುಡುಗರು ಮೊದಲು ಕೇಳಿದ್ದೇ ಅದನ್ನು. ಅವರಲ್ಲೊಬ್ಬ ಹೋಗಿ 'ಪ್ರಾಜೆಕ್ಟು' ಎಂದು ಹೇಳಿ ಅವ್ವನ ಬಾಯಿಂದ ಎರಡು ಮಾತನ್ನು ಮುದ್ರಿಸಿಕೊಂಡು ಬಂದ. ಉಳಿದದ್ದನ್ನು ಒಳ್ಳೆಯ ಕಂಠವಿರುವ ಹುಡುಗಿ ಓದಿದಳು. 'ತನ್ನ ಹೊಲಕ್ಕೆ ತಾನೇ ಕೂಲಿಯ ಕಾವಲುಗಾರನಾದ ಒಕ್ಕಲುಮಗ' ಎಂಬ ವಾಕ್ಯ ನನ್ನದು. ಬರೆದಾಗ ಅದನ್ನು ಎರಡು ಸಲ ಓದಿಕೊಂಡು ಸಂತೋಷಪಟ್ಟಿದ್ದೆ. ವೃತ್ತವನ್ನು ಅಂಗಡಿಯ ಸುತ್ತ ಎಳೆದರು.

ಕೆಲವು ವಾರಗಳು ಕಳೆದವು. ಒಂದು ಸಂಜೆ ನಾನು ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೇನೆ. ತರಬೇತಿಗೆ ಬಂದ ಹುಡುಗನಿರಬೇಕು, ಇಪ್ಪತ್ತೆರಡರ ವಯಸ್ಸು, ಕಿವಿಯಲ್ಲಿ ಬಿಳಿಯ ಇಯರ್‌ಫೋನು, ಅಂಗಡಿಯ ಮುಂದೆ ಬಂದು ನಿಂತ. ಏನನ್ನೂ ಕೇಳಲಿಲ್ಲ. ಅವ್ವನ ಮುಖವನ್ನೇ ನೋಡುತ್ತ ನಿಂತ. ನೋಡನೋಡುತ್ತ ಅವನ ಮುಖ ಮೃದುವಾಯಿತು. ಕಣ್ಣು ತೇವವಾದಂತೆಯೂ ನನಗೆ ಕಂಡಿತು. ಒಳ್ಳೆಯ ಹುಡುಗ, ಅದರಲ್ಲಿ ಸಂದೇಹವಿಲ್ಲ. ಎರಡು ನಿಮಿಷವಾದ ಮೇಲೆ ಅವ್ವನಿಗೆ ಸಣ್ಣಗೆ ತಲೆಬಾಗಿಸಿ ಕೆರೆಯ ಕಡೆ ಹೊರಟುಹೋದ.

"ಯಾಕ್ ಮೇಷ್ಟ್ರೇ, ಈ ನಡುವೆ ಐಕ್ಳು ಹಿಂಗ್ ಬಂದ್ ನಿಂತ್ಕೊಂಡು ನೋಡಿ ಹೊಂಟೋಯ್ತವೆ? ನನ್ ಮಕದಲ್ಲಿ ಏನದೆ?" ಎಂದು ಅವ್ವ ಕೇಳಿದಳು.

ನಾನು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ; ಅದಕ್ಕೆ ಕಾರಣ ನನ್ನ ಸತ್ಯಸಂಧತೆಯಲ್ಲ, ತೋಚಲಿಲ್ಲ, ಅಷ್ಟೆ. ಮೊಬೈಲು ತೆಗೆದು ಅವಳ ಕಿವಿಗೆ ಹಿಡಿದೆ. ಅವಳು ಪೂರ್ತಿ ಕೇಳಿದಳು. ತನ್ನ ಸ್ವಂತ ದನಿ ಬಂದಾಗ ಒಮ್ಮೆ ನನ್ನ ಕಡೆ ನೋಡಿದಳು. ಮುಗಿದ ಮೇಲೆ, "ಇದೆಲ್ಲ ನಾನ್ ಹೇಳಿದ್ನಾ?" ಎಂದಳು.

"ಹೌದವ್ವ, ಆವತ್ತು ಮಳೇಲಿ."

"ನಿಮ್ಗೆ ಹೇಳಿದ್ದು ಅದು" ಎಂದು ಹೇಳಿ ಲೋಟ ತೊಳೆಯತೊಡಗಿದಳು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ತಪ್ಪೇನೆಂದು ನನಗೆ ಸ್ಪಷ್ಟವಾಗಲಿಲ್ಲ. ತಪ್ಪಾಗಿದೆಯೆಂಬುದು ಮಾತ್ರ ಸ್ಪಷ್ಟವಾಗಿತ್ತು. ಕಥೆಯಲ್ಲಿ ಸುಳ್ಳಿರಲಿಲ್ಲ. ಅವಳ ಹೆಸರನ್ನು ಹೇಳಿರಲಿಲ್ಲ. ಯಾರೂ ಅದರಿಂದ ಹಣ ಮಾಡಿರಲಿಲ್ಲ. ಗುಟ್ಟಾಗಿಡಿ ಎಂದು ಅವಳು ನನ್ನಿಂದ ಭಾಷೆ ತೆಗೆದುಕೊಂಡಿರಲಿಲ್ಲ. ಕೇಳಿದವರು ಅವಳನ್ನು ಹಂಗಿಸಲಿಲ್ಲ, ಮರುಗಿದರು. ಹಾಗಾದರೆ ಆ ಒಂದು ಮಾತು ಏಕೆ ಅಷ್ಟು ಆಳಕ್ಕೆ ಇಳಿಯಿತು?

ಸಾಹಿತ್ಯವನ್ನು ಓದಿ ಓದಿಸುವ ನಾವು ಇಂಥ ಸಂದರ್ಭದಲ್ಲಿ ಒಂದು ಸಮಾಧಾನವನ್ನು ಸಿದ್ಧವಾಗಿಟ್ಟುಕೊಂಡಿರುತ್ತೇವೆ. ಕಥೆಗಾರರೆಲ್ಲ ಮಾಡುವುದು ಇದನ್ನೇ ಅಲ್ಲವೆ? ಯಾರ ಬಾಳಿನಿಂದಲೋ ಎತ್ತಿಕೊಳ್ಳದೆ ಯಾವ ಕಾದಂಬರಿ ಹುಟ್ಟಿದೆ? ಆದರೆ ಕಾದಂಬರಿಯನ್ನು ಓದುವವನು ಎಲ್ಲೋ ತನ್ನ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಓದುತ್ತಾನೆ. ಅವನು ಆ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಬಂದು ನಿಂತರೂ ಅದು ಅದೇ ಬಾಗಿಲೆಂದು ಅವನಿಗೆ ತಿಳಿಯದು. ನಾವು ಹೂಡಿದ ಹೂಟದಲ್ಲಿ ಬಾಗಿಲೇ ಮುಖ್ಯ. ನಾಲ್ಕಾರು ಮೀಟರಿನ ನಿಖರತೆಯೇ ಅದರ ಹೆಗ್ಗಳಿಕೆ. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬನಿಗೆ ಇನ್ನೊಬ್ಬಳ ಬಾಳೆಲ್ಲ ಗೊತ್ತು. ಇನ್ನೊಬ್ಬಳಿಗೆ, ಅವನು ಯಾರೆಂಬುದಿರಲಿ, ಅವನಿಗೆ ಗೊತ್ತೆಂಬುದೂ ಗೊತ್ತಿಲ್ಲ. ಅವಳು ಬಾಳೆಹಣ್ಣು ಕೊಡಲು ಕೈಚಾಚುತ್ತಾಳೆ, ಅವನು ಕನಿಕರವನ್ನು ತಂದಿದ್ದಾನೆ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಕಥೆ ಗೊತ್ತಿರುತ್ತದೆ, ನಿಜ. ಆದರೆ ಅಲ್ಲಿ ನನ್ನ ಕಥೆ ಬಲ್ಲವನ ಕಥೆಯನ್ನು ನಾನೂ ಬಲ್ಲೆ. ಲೆಕ್ಕ ಸಮವಾಗಿರುತ್ತದೆ.

ಮಾತೆಂಬುದನ್ನು ನಾವು ಯಾರಿಗೋ ಕೊಡುತ್ತೇವೆ. ಅವ್ವ ಆ ಮಳೆಯ ಸಂಜೆ ಮಾತನ್ನು ಕೊಟ್ಟದ್ದು ಒಬ್ಬ ಮನುಷ್ಯನಿಗೆ. ನಾನು ಅದನ್ನು ಒಯ್ದು ಒಂದು ಜಾಗಕ್ಕೆ ಕೊಟ್ಟೆ. ಜಾಗಕ್ಕೆ ಮುಖ ನೋಡುವುದು ತಿಳಿಯದು. ವೃತ್ತದೊಳಕ್ಕೆ ಯಾರು ಕಾಲಿಟ್ಟರೂ ಅದು ಹೇಳಿಬಿಡುತ್ತದೆ. ಬರೆಹವನ್ನು ಕುರಿತು ಸಾಕ್ರಟೀಸ್ ಇಂಥದೇ ದೂರನ್ನು ಹೇಳಿದನೆಂದು ಪ್ಲೇಟೋ ಬರೆದಿದ್ದಾನೆ. ಬರೆದ ಮಾತು ಚಿತ್ರದ ಹಾಗೆ, ಪ್ರಶ್ನೆ ಕೇಳಿದರೆ ಉತ್ತರವಿಲ್ಲ, ಹೇಳಿದ್ದನ್ನೇ ಹೇಳುತ್ತದೆ, ಯಾರೊಡನೆ ಮಾತಾಡಬೇಕು ಯಾರೊಡನೆ ಸುಮ್ಮನಿರಬೇಕು ಎಂಬುದು ಅದಕ್ಕೆ ತಿಳಿಯದು ಎಂದು. ಇಪ್ಪತ್ತು ವರ್ಷಗಳಿಂದ ಅದೇ ನೋಟ್ಸನ್ನು ಹೇಳಿ ಬರೆಸುತ್ತಿರುವ ನನಗೆ ಈ ದೂರು ಯಾವಾಗಲೂ ಸ್ವಲ್ಪ ಚುಚ್ಚುತ್ತದೆ.

ನಮ್ಮ ಪುರಾಣಗಳಲ್ಲಿ ಅಶರೀರವಾಣಿಗಳಿಗೆ ಬರವಿಲ್ಲ. ಕಂಸನು ತಂಗಿಯ ರಥವನ್ನು ನಡೆಸುತ್ತಿದ್ದಾಗ ಆಕಾಶದಿಂದ ಒಂದು ಮಾತು ಬಿದ್ದಿತು. ನಿಜವಾದ ಮಾತೇ. ಆದರೆ ಅದು ಹೇಳಿದ್ದನ್ನು ಹೇಳಿ ಹೊರಟುಹೋಯಿತು. ಕೇಳಿದವನು ಮಾಡಿದ ಅನಾಹುತಕ್ಕೆ ಅದು ಹೊಣೆಯಾಗಲಿಲ್ಲ. ಇನ್ನೊಂದು ಧ್ವನಿಯುಂಟು, ಅರಣ್ಯಪರ್ವದ ಯಕ್ಷನದು. ಅವನ ಧ್ವನಿ ಒಂದು ಕೊಳಕ್ಕೆ ಕಟ್ಟುಬಿದ್ದದ್ದು. ದಂಡೆಗೆ ಯಾರು ಕಾಲಿಟ್ಟರೂ ಕೇಳಿಸುತ್ತದೆ. ನಮ್ಮ ಹುಡುಗರ ವೃತ್ತಕ್ಕೆ ಇದಕ್ಕಿಂತ ಹಳೆಯ ಪೂರ್ವಜನನ್ನು ನಾನು ಕಾಣೆ. ವ್ಯತ್ಯಾಸವೇನೆಂದರೆ ಯಕ್ಷ ತನ್ನ ಕೊಳದ ಮಹಿಮೆಯನ್ನು ಹೇಳುವುದಿಲ್ಲ. ಅದು ಯಾವ ರಾಜ ತೋಡಿಸಿದ್ದು, ಎಷ್ಟು ಆಳ, ಒಂದನ್ನೂ ಹೇಳುವುದಿಲ್ಲ. ಅವನು ಕೇಳುತ್ತಾನೆ. ನೀರು ಕುಡಿಯಬೇಕೆ, ಮೊದಲು ಉತ್ತರ ಹೇಳು ಎನ್ನುತ್ತಾನೆ. ಭೀಮಾರ್ಜುನರಂಥವರೂ ಪ್ರಶ್ನೆಯನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ ನೀರಿಗೆ ಬಾಯಿ ಹಾಕಿ ಬಿದ್ದರು. ಅಲ್ಲಿ ಬಂದವನ ಮೇಲೆ ಒಂದು ಋಣವಿದೆ. ನಾವು ಮಾಡಿದ ನಡಿಗೆಯಲ್ಲಿ ಬಂದವನಿಗೆ ಯಾವ ಋಣವೂ ಇಲ್ಲ, ನೀರು ಪುಕ್ಕಟೆ.

ಹುಡುಗರನ್ನು ಕರೆದು ಅವ್ವನ ಭಾಗವನ್ನು ತೆಗೆದುಹಾಕಿ ಎಂದೆ. ಮೂವರು ಒಪ್ಪಿದರು. ಓದಿದ ಹುಡುಗಿ ಒಪ್ಪಲಿಲ್ಲ. ಅವಳು ಹಳೆಯ ಹೆಬ್ಬಾಳದವಳೇ. ಅವಳ ತಾತನ ಹೊಲವೂ ಹಾಗೆಯೇ ಹೋದದ್ದಂತೆ. ನನಗೆ ಅದು ಅಂದಿನವರೆಗೆ ತಿಳಿದಿರಲಿಲ್ಲ. "ಅರಮನೆ ಮಾತಾಡುತ್ತೆ ಸಾರ್. ಪೇಟೆಯ ಗಡಿಯಾರ ಮಾತಾಡುತ್ತೆ. ನಮ್ಮ ಊರಿಗೆ ಬಂದ ತಕ್ಷಣ ಎಲ್ಲ ಸಂಕೋಚ, ಮರ್ಯಾದೆ ಅಂತ ತೆಗೆದುಹಾಕಿದರೆ ಇಲ್ಲಿ ಏನೂ ನಡೆಯಲೇ ಇಲ್ಲ ಅಂತ ಆಗೋದಿಲ್ವೆ?" ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ಅರಮನೆಯಲ್ಲಿ ಬಾಡಿಗೆಯ ಸಾಧನವನ್ನು ಕಿವಿಗಿಟ್ಟುಕೊಂಡು ಒಮ್ಮೆ ನಾನೂ ಸುತ್ತಿದ್ದೇನೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟದ್ದು, ಹೆನ್ರಿ ಇರ್ವಿನ್ ಹೊಸದರ ನಕ್ಷೆ ಹಾಕಿದ್ದು, 1912ರಲ್ಲಿ ಅದು ಮುಗಿದದ್ದು, ಎಲ್ಲವೂ ಗಂಭೀರವಾದ ಕಂಠದಲ್ಲಿ. ಅರಸರ ಮನೆಯ ಕಥೆಯನ್ನು ಹೇಳಲು ಯಾರೂ ಅನುಮತಿ ಕೇಳುವುದಿಲ್ಲ, ಯಾರಿಗೂ ಕಸಿವಿಸಿಯಾಗುವುದಿಲ್ಲ. ಅದೇ ಪೇಟೆಯಲ್ಲಿ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿ ನಿಂತವನಿಗೆ ಕಮಾನುಗಳ ಸೊಬಗನ್ನು ಮಾತ್ರ ಹೇಳಿ ಆ ನಾಲ್ವರನ್ನು ಬಿಟ್ಟರೆ ಅದೂ ತಪ್ಪೇ. ಹೇಳಿದರೆ, ಸತ್ತವರ ಮಕ್ಕಳು ಅದೇ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದರೆ? ಕಿತ್ತಯ್ಯನ ಕಲ್ಲಿಗೆ ಈ ತೊಡಕಿಲ್ಲ. ಅವನು ಲೋಟ ತೊಳೆಯುತ್ತ ಎದುರಿಗೆ ನಿಂತಿಲ್ಲ. ಅಲ್ಲದೆ ಅದು ಅವನ ಜನರೇ ಅವನಿಗಾಗಿ ನಿಲ್ಲಿಸಿದ ಕಲ್ಲು.

ಹಾಗೆಂದು ಸತ್ತವರ ಕಥೆ ಹೇಳಬಹುದು, ಬದುಕಿರುವವರದು ಕೂಡದು ಎಂದು ಗೆರೆ ಎಳೆಯುವುದಕ್ಕೂ ಆಗದು. ಆ ಹುಡುಗಿಯ ತಾತನ ವಿಷಯವನ್ನೇ ನೋಡಿ. ಅವರನ್ನು ಕೇಳಿದಾಗ ಅವರು ಪಂಚೆ ಕೊಡವಿಕೊಂಡು ಎದ್ದು ಬಂದು, ತಮ್ಮ ಹೊಲವಿದ್ದ ಕಾಂಪೌಂಡಿನ ಬಳಿ ನಿಂತು ಹನ್ನೊಂದು ನಿಮಿಷ ಮಾತಾಡಿದರು. ಯಾವ ವರ್ಷ ಎಷ್ಟು ಪಲ್ಲ ರಾಗಿ ಬಂತು, ಎತ್ತಿನ ಬಣ್ಣ ಯಾವುದು, ಯಾವ ದಾಯಾದಿ ಬದುವನ್ನು ಒತ್ತಿದ, ಎಲ್ಲವನ್ನೂ. ಒಂದು ಮಾತನ್ನೂ ಕತ್ತರಿಸಕೂಡದೆಂದು ಮೊಮ್ಮಗಳಿಗೆ ಕಟ್ಟಪ್ಪಣೆಯಾಗಿದೆ. ಆ ವೃತ್ತದಲ್ಲಿ ಹನ್ನೊಂದು ನಿಮಿಷ ನಿಲ್ಲುವವರು ಅಪರೂಪ. ದಾಯಾದಿಯ ಮನೆಯವರು ಜಗಳಕ್ಕೆ ಬಂದದ್ದೂ ಆಯಿತು. ಅದು ಬೇರೆಯ ಕಥೆ.

ಅವ್ವನ ಅಂಗಡಿಗೆ ಏನು ಮಾಡುವುದೆಂಬುದು ಉಳಿಯಿತು. ನಾನೂ ಆ ಹುಡುಗಿಯೂ ಹೋಗಿ ಅವ್ವನನ್ನೇ ಕೇಳಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ. ಅವಳಿಗೆ ನಮ್ಮ ಧರ್ಮಸೂಕ್ಷ್ಮವೆಲ್ಲ ದೊಡ್ಡ ವಿಷಯವಾಗಿ ಕಾಣಲಿಲ್ಲ. "ನಾನೇನ್ ಸತ್ತೋಗಿವ್ನಾ? ಇಲ್ಲೇ ಇವ್ನಲ್ಲ. ಬೇಕಾದೋರು ಬಂದ್ ಕೇಳ್ಲಿ. ಹೇಳ್ಬೇಕು ಅನ್ಸಿದ್ರೆ ಹೇಳ್ತೀನಿ" ಎಂದಳು. ಆಮೇಲೆ ಹುಡುಗಿಯ ಕಡೆ ತಿರುಗಿ, "ನೀನು ಆ ಮೂಲೆಮನೆಯವ್ರ ಮೊಮ್ಮಗಳಲ್ವಾ?" ಎಂದು ಬೇರೆಯ ಮಾತಿಗೇ ಇಳಿದಳು. ಅರ್ಧ ಗಂಟೆ ಅವರಿಬ್ಬರೂ ಆಡಿದ ಮಾತು ನನಗೆ ಅರ್ಥವಾಗಲಿಲ್ಲ. ಅಷ್ಟೊಂದು ಮಂದಿಯ ಹೆಸರುಗಳಿದ್ದವು.

ಈಗ ಆ ವೃತ್ತದಲ್ಲಿ ಎರಡೇ ವಾಕ್ಯಗಳಿವೆ. ಇಲ್ಲೊಂದು ಅಂಗಡಿಯಿದೆ, ಕಿವಿಯಲ್ಲಿರುವುದನ್ನು ತೆಗೆದಿಡಿ. ಇದೊಂದು ಅದ್ಭುತವಾದ ಉಪಾಯವೆಂದು ನಾನು ಹೇಳುತ್ತಿಲ್ಲ. ಬಹಳ ಮಂದಿ ಸಾಧನ ಕೆಟ್ಟಿತೆಂದು ತಿಳಿದು ಮೊಬೈಲನ್ನು ಅಲ್ಲಾಡಿಸಿ ನೋಡುತ್ತಾರೆ. ಕೆಲವರು ವಾಕ್ಯ ಮುಗಿಯುವ ಮೊದಲೇ ವೃತ್ತವನ್ನು ದಾಟಿರುತ್ತಾರೆ. ಒಬ್ಬಾತ ತೆಗೆದ, ಟೀ ಕುಡಿದ, ದುಡ್ಡು ಕೊಟ್ಟ, ಮತ್ತೆ ಹಾಕಿಕೊಂಡು ಹೋದ.

ಹೋದ ಭಾನುವಾರ ಒಂದು ದಂಪತಿ ಬಂದಿದ್ದರು, ಬೆಂಗಳೂರಿನವರಂತೆ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತು 'ಕೆರೆ ಹಿಂದೆ ಹೇಗಿತ್ತು, ನೀವು ಎಷ್ಟು ವರ್ಷದಿಂದ ಇದ್ದೀರಿ' ಎಂದೆಲ್ಲ ಸಾವಕಾಶವಾಗಿ ಕೇಳಿದರು. ಅವ್ವ ಹುರುಪಿನಿಂದ ಮಾತಾಡುತ್ತಿದ್ದಳು. ಕೊನೆಗೆ ಆಕೆ, "ನಿಮ್ಮ ಯಜಮಾನರು ಏನು ಕೆಲಸ ಮಾಡ್ತಿದ್ರು ಅಜ್ಜಿ?" ಎಂದು ಕೇಳಿದರು.

"ಅವ್ರಾ? ಮಿಲ್ಟ್ರೀಲಿದ್ರು ಕನವ್ವ. ಕಾಶ್ಮೀರದ ತಾವ" ಎಂದು ಅವ್ವ ಹೇಳಿದಳು. ಹೇಳಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ಇನ್ನೊಂದರ್ಧ ಟೀ ಕೊಡು ಎಂದೆ.